ಬಾತ್‌ರೂಮಿನಲ್ಲಿ ಅಕ್ಕಿ ಮೂಟೆ

ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ಮಲಗಲು ಮಂಚ, ಅಡಿಗೆಗೆ ಒಲೆ, ಫ್ರಿಜ್ಜು, ಶವರ್, ಮೂಲೆಯಲ್ಲೊಂದು ಟಾಯ್ಲೆಟ್ಟು, ಎಲ್ಲವೂ ಅದರೊಳಗೇ. ಇಷ್ಟೆಲ್ಲ ಇರುವ ಗಾಡಿಯನ್ನು ಲಾಸ್ ವೇಗಸ್‌ನಲ್ಲಿ ಬಾಡಿಗೆಗೆ ಹಿಡಿದು, ಅದರ ಟಾಯ್ಲೆಟ್ಟಿನ ತುಂಬ ದಿನಸಿ ಪೇರಿಸಿ ಬಾಗಿಲು ಹಾಕಿಕೊಂಡವರು ನಮ್ಮವರಲ್ಲದೆ ಇನ್ಯಾರು ಇದ್ದಾರು.

ಏರ್ಪಾಡೆಲ್ಲ ರವಿಶಂಕರನದು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ಮ್ಯಾನೇಜರು. ಯಾವ ಟ್ರಿಪ್ಪಿಗೆ ಹೋದರೂ ಅವನೇ ಕ್ಯಾಪ್ಟನ್. ಯಾರೂ ನೇಮಿಸಿದ್ದಲ್ಲ, ತಾನೇ ಆಗಿಬಿಡುತ್ತಿದ್ದ. ಜೊತೆಗೆ ಹೆಂಡತಿ ಶ್ರಾವಣಿ, ಐದನೇ ಕ್ಲಾಸು ಮುಗಿಸಿದ ಮಗಳು ನಮ್ರತಾ. ಇನ್ನೊಂದು ಜೋಡಿ ವರ್ಜೀನಿಯಾದ ಆಲ್ಡಿಯಿಂದ ಬಂದ ವೇಣುಗೋಪಾಲ ಮತ್ತು ಅವನ ಹೆಂಡತಿ ನೀರಜಾ. ವೇಣು, ರವಿ ಇಬ್ಬರೂ ಮೈಸೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಎರಡು ಸಾವಿರದ ಹದಿನಾಲ್ಕರ ಜೂನ್ ತಿಂಗಳು, ಶಾಲೆಗಳಿಗೆ ರಜೆ. ಜಯಾನ್, ಬ್ರೈಸ್, ಆರ್ಚಸ್ ಎಂದು ಯೂಟಾದ ಕೆಂಪು ಕಣಿವೆಗಳನ್ನೆಲ್ಲ ಒಂದೇ ಏಟಿಗೆ ನೋಡಿ ಮುಗಿಸುವ ಹುಮ್ಮಸ್ಸು.

ಗಾಡಿ ಹತ್ತುತ್ತಿದ್ದಂತೆ ರವಿ ಬಾಗಿಲಿಗೆ ಅಡ್ಡ ನಿಂತ.

"ಗೈಸ್, ಒಂದೇ ಒಂದು ರೂಲು. ಒಳಗಿನ ಟಾಯ್ಲೆಟ್ ಯಾರೂ ಯೂಸ್ ಮಾಡಂಗಿಲ್ಲ. ಅದರ ಟ್ಯಾಂಕ್ ತುಂಬಿದ್ರೆ ನಾವೇ ಪೈಪ್ ಹಾಕಿ ಖಾಲಿ ಮಾಡ್ಬೇಕು. ವೇಣು, ನೀನು ಮಾಡ್ತೀಯೇನೋ?"

"ನನ್ನ ಕೈಲಾಗಲ್ಲಪ್ಪ," ಎಂದು ವೇಣು ನಕ್ಕ. "ದಾರೀಲಿ ಗ್ಯಾಸ್ ಸ್ಟೇಷನ್ ಇರುತ್ತಲ್ಲ."

"ಒಲೆ ಪಕ್ಕದಲ್ಲೇ ಟಾಯ್ಲೆಟ್ಟು. ನಂಗಂತೂ ಅನ್ನ ಗಂಟಲಲ್ಲಿ ಇಳಿಯಲ್ಲ," ಎಂದಳು ಶ್ರಾವಣಿ.

ಅಲ್ಲಿಗೆ ಕಾನೂನು ಪಾಸಾಯಿತು. ಖಾಲಿ ಜಾಗ ಸುಮ್ಮನೆ ಯಾಕೆ ಬಿಡಬೇಕು ಎಂದು ಸೋನಾ ಮಸೂರಿ ಮೂಟೆ, ರೈಸ್ ಕುಕ್ಕರ್, ನೂಡಲ್ಸಿನ ಪೆಟ್ಟಿಗೆ, ಚಟ್ನಿಪುಡಿ ಡಬ್ಬಗಳು, ನೀರಿನ ಬಾಟಲಿಗಳ ಕೇಸು ಎಲ್ಲವನ್ನೂ ಅಲ್ಲಿ ತುಂಬಿದರು. ಕಮೋಡಿನ ಮುಚ್ಚಳದ ಮೇಲೆ ಟವೆಲ್ ಹಾಸಿ ಅಕ್ಕಿಯನ್ನು ಕೂರಿಸಿದವಳು ಶ್ರಾವಣಿಯೇ. ಅನ್ನ ಇಳಿಯದಿದ್ದರೂ ಅಕ್ಕಿಗೆ ಅಡ್ಡಿಯಿಲ್ಲ ಅನ್ನುವುದು ಯಾವ ಶಾಸ್ತ್ರವೋ, ಕೇಳಿದವರಿಲ್ಲ. ನೀರಜಾ ಎಲ್ಲದಕ್ಕೂ ತಲೆಯಾಡಿಸಿದಳು. ಆಡಿಸಬಾರದಿತ್ತು. ಆ ಐದು ಜನರಲ್ಲಿ ಆ ಟಾಯ್ಲೆಟ್ಟು ನಿಜವಾಗಿ ಬೇಕಾಗಿದ್ದುದು ಅವಳೊಬ್ಬಳಿಗೇ.

ಅವಳಿಗೆ ಮೂರನೇ ತಿಂಗಳು ನಡೆಯುತ್ತಿತ್ತು. ಅವಳು, ವೇಣು, ಡಾಕ್ಟರು ಮೂವರನ್ನು ಬಿಟ್ಟು ಈ ಮಾತು ಹೊರಗೆ ಹೋಗಿರಲಿಲ್ಲ.

ಮೊದಲ ಸಲ ಬಸಿರಾದಾಗ ಸಂತೋಷ ತಡೆಯಲಾರದೆ ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಬ್ಬರ ಕಿವಿಗೆ ಹಾಕಿದ್ದಳು. ಪಾಯಸ ಬಡಿಸುವಷ್ಟರಲ್ಲಿ ಸುದ್ದಿ ಇಡೀ ಸಭಾಂಗಣಕ್ಕೆ ಹರಡಿತ್ತು. ಆಮೇಲೆ ಆ ಬಸಿರು ನಿಲ್ಲಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಸಿಕ್ಕವರು "ಈಗ ಎಷ್ಟು ತಿಂಗಳಮ್ಮ?" ಎಂದು ಕೇಳುವುದು, ಇವಳು ಮೆಂತ್ಯ ಸೊಪ್ಪಿನ ಕಟ್ಟು ಹಿಡಿದುಕೊಂಡು "ಇಲ್ಲ ಆಂಟಿ, ಉಳೀಲಿಲ್ಲ" ಎನ್ನುವುದು, ಅವರು ಕಣ್ಣಲ್ಲಿ ನೀರು ತಂದುಕೊಳ್ಳುವುದು, ಕೊನೆಗೆ ಅವರನ್ನು ಇವಳೇ ಸಮಾಧಾನ ಮಾಡಿ ಕಳಿಸುವುದು. ಹೀಗೆ ಎಷ್ಟೋ ತಿಂಗಳು ನಡೆಯಿತು. ಎರಡನೇ ಸಲ ಯಾರಿಗೂ ಹೇಳಲಿಲ್ಲ. ಅದೂ ಹೋಯಿತು. ಅದೇ ವಾರ ಎಲಿಕಾಟ್ ಸಿಟಿಯಲ್ಲಿ ಒಬ್ಬರ ಮಗುವಿನ ನಾಮಕರಣ. ಹೋಗದಿದ್ದರೆ ಯಾಕೆ ಎಂದು ಕೇಳುತ್ತಾರೆಂದು ರೇಷ್ಮೆ ಸೀರೆ ಉಟ್ಟು ಹೋಗಿ, ಎಲ್ಲರ ಜೊತೆ ತೊಟ್ಟಿಲು ತೂಗಿ ಬಂದಳು. ಹೇಳಿದರೂ ಸಂಕಟ, ಹೇಳದಿದ್ದರೂ ಸಂಕಟ.

ಈ ಸಲ ವೇಣು ಕಡ್ಡಿ ಮುರಿದಂತೆ ಹೇಳಿದ್ದ. "ಮೂರು ತಿಂಗಳು ತುಂಬಲಿ. ಅಲ್ಲಿವರೆಗೂ ಯಾರಿಗೂ ಬೇಡ. ನಮ್ಮಮ್ಮಂಗೂ ಬೇಡ." ಟ್ರಿಪ್ಪು ಚಳಿಗಾಲದಲ್ಲೇ ಬುಕ್ಕಾಗಿತ್ತು. ಬಿಟ್ಟರೆ ಕಾರಣ ಹೇಳಬೇಕು. ಡಾಕ್ಟರು ಹೋಗಿಬನ್ನಿ, ಆದರೆ ಮರುಭೂಮಿ, ನೀರು ಚೆನ್ನಾಗಿ ಕುಡಿಯಿರಿ ಎಂದಿದ್ದರು.

ನೀರು ಕುಡಿದ ಮೇಲೆ ಏನಾಗುತ್ತದೋ ಅದು ಆಗುತ್ತಿತ್ತು. ಬರೀ ಅದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವಳಿಗೆ ಹೋಗಬೇಕಾಗಿದ್ದುದು ನೋಡಿಕೊಳ್ಳುವುದಕ್ಕೆ. ಎರಡು ಸಲವೂ ಸುದ್ದಿ ಬಂದದ್ದು ಅಲ್ಲೇ, ಒಳಬಟ್ಟೆಯ ಮೇಲೆ ಬೊಟ್ಟಿನಷ್ಟು ರಕ್ತವಾಗಿ. ಹಾಗಾಗಿ ಗಂಟೆ ಕಳೆಯಿತೆಂದರೆ ಎದೆ ಹೊಡೆದುಕೊಳ್ಳಲು ಶುರು. ಬಾಗಿಲು ಹಾಕಿ, ನೋಡಿ, ಏನೂ ಇಲ್ಲ ಎಂದು ಕಂಡ ಮೇಲೆ ಮುಂದಿನ ಒಂದು ಗಂಟೆ ಬದುಕುವಳು. ಇದನ್ನು ವೇಣುವಿಗೂ ಹೇಳಿರಲಿಲ್ಲ.

ಯೂಟಾದ ರಸ್ತೆಗಳೋ, ಮೈಲಿಗಟ್ಟಲೆ ಹೋದರೂ ಒಂದು ಗ್ಯಾಸ್ ಸ್ಟೇಷನ್ ಕಾಣದು. ಕಂಡಲ್ಲೆಲ್ಲ ನೀರಜಾ ನಿಲ್ಲಿಸಿ ಎನ್ನುವಳು. ಎರಡನೇ ದಿನಕ್ಕೆ ಕ್ಯಾಪ್ಟನ್ನನಿಗೆ ಬೇಜಾರು ಹತ್ತಿತು.

"ನೀರಜಾ, ಯೂಟಾದ ರೆಸ್ಟ್‌ರೂಮ್‌ಗಳ ಮೇಲೆ ಪಿಎಚ್‌ಡಿ ಮಾಡ್ತಿದೀರಾ?" ಎಂದ ರವಿ, ಕನ್ನಡಿಯಲ್ಲಿ ನೋಡುತ್ತ.

ಎಲ್ಲರೂ ನಕ್ಕರು. ವೇಣುವೂ ನಕ್ಕ. ಅವನು ನಕ್ಕದ್ದು ನೀರಜಾಗೆ ಚುರುಕ್ಕೆಂದಿತು. ಅಂದಿನಿಂದ ನೀರು ಕಡಿಮೆ ಮಾಡಿದಳು. ತುಟಿ ಒಡೆಯಿತು, ತಲೆ ಸಿಡಿಯತೊಡಗಿತು. ಜಯಾನಿನ ಕೆಂಪು ಗೋಡೆಗಳನ್ನೂ ಬ್ರೈಸಿನ ಕಲ್ಲು ಕಂಬಗಳನ್ನೂ ಎಲ್ಲರೂ ಕಣ್ತುಂಬ ನೋಡಿದರೆ, ಇವಳು ಅಲ್ಲಿ ನೋಡಿದ್ದು ರೆಸ್ಟ್‌ರೂಮ್ ಯಾವ ಕಡೆ ಎಂಬ ಬೋರ್ಡು ಮಾತ್ರ.

ಆರ್ಚಸ್‌ಗೆ ಬಂದ ದಿನ ಬೆಳಿಗ್ಗೆ ಕಾಫಿಯನ್ನೂ ಬಿಟ್ಟಳು. ದೊಡ್ಡ ಕಲ್ಲಿನ ಕಮಾನು ನೋಡಲು ಬೋಳು ಬಂಡೆಯ ಮೇಲೆ ಹತ್ತಬೇಕು, ನೆರಳೆಂಬುದು ಇಲ್ಲ. ಅರ್ಧ ಏರಿದ್ದಳೋ ಇಲ್ಲವೋ, ಕಣ್ಣು ಕತ್ತಲಿಟ್ಟಿತು. ಬಂಡೆ ಹಿಡಿದು ಕುಳಿತಳು. ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಹಿಂಡಿದ ಹಾಗಾಯಿತು. ತೊಡೆಯ ಸಂದಿಯಲ್ಲಿ ಒದ್ದೆ ಅನ್ನಿಸಿತು.

"ನೀವು ಹೋಗ್ತಿರಿ," ಎಂದಳು. "ನಂಗೆ ಬಿಸಿಲಿಗೆ ತಲೆನೋವು. ಗಾಡೀಲಿ ಇರ್ತೀನಿ."

"ನಾನೂ ಬರ್ಲಾ?" ಎಂದ ವೇಣು.

"ಬೇಡ," ಎಂದು ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಇಳಿದಳು. ಅವನು ಜೊತೆಗೆ ಬಂದರೆ ದಾರಿಯಲ್ಲೇ ಅಳು ಬಂದುಬಿಡುತ್ತದೆ, ಕಾಲು ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಓಡಬಾರದು ಎಂದುಕೊಳ್ಳುತ್ತಲೇ ಬೇಗ ಬೇಗ ಹೆಜ್ಜೆ ಹಾಕಿದಳು.

ಪಾರ್ಕಿಂಗ್ ಲಾಟಿನ ಟಾಯ್ಲೆಟ್ಟಿನ ಮುಂದೆ ಆಗತಾನೇ ಬಂದ ಟೂರ್ ಬಸ್ಸಿನ ಜನ ಸಾಲುಗಟ್ಟಿ ನಿಂತಿದ್ದರು. ನೀರಜಾ ನಿಲ್ಲಲಿಲ್ಲ. ಆರ್‌ವಿಯ ಬಾಗಿಲು ತೆಗೆದು ಒಳಗೆ ನುಗ್ಗಿ ಬಾತ್‌ರೂಮಿಗೆ ಕೈಯಿಟ್ಟಳು. ನೂಡಲ್ಸ್ ಪೆಟ್ಟಿಗೆ ಹೊರಗೆ ಬಿತ್ತು, ಕುಕ್ಕರ್ ಹೊರಗೆ ಬಿತ್ತು, ಚಟ್ನಿಪುಡಿ ಡಬ್ಬಗಳು ಟಾರಿನ ಮೇಲೆ ಉರುಳಾಡಿದವು. ಭಾರ ಎತ್ತಬಾರದು ಎಂಬ ನೆನಪಾಗಿ ಅಕ್ಕಿ ಮೂಟೆಯನ್ನು ಕಾಲಿನಿಂದಲೇ ದೂಡಿ ದೂಡಿ ಮೆಟ್ಟಿಲಿನಿಂದ ಕೆಳಗೆ ಕೆಡವಿದಳು. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿದಳು.

ನೋಡಿಕೊಂಡಳು. ಏನೂ ಇರಲಿಲ್ಲ. ಬೆವರು, ಅಷ್ಟೇ.

ಎಷ್ಟೋ ಹೊತ್ತು ಅಲ್ಲೇ ಕುಳಿತು ಅತ್ತಳು. ಎದ್ದು ಬಂದು ಒಂದು ಬಾಟಲಿ ನೀರನ್ನು ನಿಧಾನವಾಗಿ ಕುಡಿದು ಮುಗಿಸಿದಳು. ಇನ್ನೊಂದು ತೆಗೆದಳು.

ಉಳಿದವರು ಇಳಿದು ಬಂದಾಗ ಅವರ ಸಂಸಾರವೆಲ್ಲ ಸಂತೆಗೆ ಇಟ್ಟ ಹಾಗೆ ಪಾರ್ಕಿಂಗ್ ಲಾಟಿನಲ್ಲಿ ಹರಡಿತ್ತು. ನೀರಜಾ ಮೆಟ್ಟಿಲ ಮೇಲೆ ಕೂತಿದ್ದಳು.

"ಯಾರ್ರೀ ಇದೆಲ್ಲ ಮಾಡಿದ್ದು?" ಎಂದ ರವಿ. "ಅಲ್ಲ, ಟಾಯ್ಲೆಟ್ ಯೂಸ್ ಮಾಡಿದ್ರಾ? ರೂಲ್ ಏನಿತ್ತು?"

"ನಾನೇ ಮಾಡಿದ್ದು ರವಿ. ಇನ್ಮೇಲೂ ಮಾಡ್ತೀನಿ. ನಾನು ಪ್ರೆಗ್ನೆಂಟು. ಮೂರನೇ ತಿಂಗಳು."

ವೇಣು ಮುಖ ತಿರುಗಿಸಿದ. ಅವಳು ಅವನ ಕಡೆ ನೋಡಲಿಲ್ಲ, ನಿಲ್ಲಿಸಲೂ ಇಲ್ಲ.

"ಇದಕ್ಕೆ ಮುಂಚೆ ಎರಡು ಹೋಗಿವೆ. ಗಂಟೆಗೊಂದ್ಸಲ ಹೋಗಿ ರಕ್ತ ಇದ್ಯಾ ಅಂತ ನೋಡ್ಕೋಬೇಕು ನಂಗೆ. ನೋಡ್ಕೊಳ್ದಿದ್ರೆ ಉಸಿರು ಆಡಲ್ಲ. ನಿಮ್ಮ ರೂಲ್ ಪಾಲಿಸಕ್ಕೆ ಹೋಗಿ ಮೂರು ದಿನದಿಂದ ನೀರು ಬಿಟ್ಟಿದೀನಿ. ಇನ್ನು ನನ್ನ ಕೈಲಾಗಲ್ಲ."

"ಎರಡಾ?" ಎಂದಳು ಶ್ರಾವಣಿ. "ನಂಗೆ ಒಂದೇ ಗೊತ್ತಿರೋದು ಕಣೇ."

"ಎರಡು."

ಶ್ರಾವಣಿ ಮೆಟ್ಟಿಲ ಮೇಲೆ ಜಾಗ ಮಾಡಿಕೊಂಡು ಪಕ್ಕದಲ್ಲಿ ಕೂತಳು. ವೇಣು ಅಕ್ಕಿ ಮೂಟೆಯ ಮೇಲೆ ಕೂತ.

"ನೋಡಕ್ಕೆ ಹೋಗ್ತಿದ್ಯಾ?" ಎಂದ. "ಅಷ್ಟು ಸಲವೂ? ನಾನು ಅಂದ್ಕೊಂಡಿದ್ದು..."

"ನೀನು ನಕ್ಕೆ, ವೇಣು."

ನಮ್ರತಾ ಚಟ್ನಿಪುಡಿಯ ಡಬ್ಬವೊಂದನ್ನು ಎತ್ತಿಕೊಂಡು ಹತ್ತಿರ ಬಂದಳು.

"ಈಸ್ ದ ಬೇಬಿ ಓಕೆ, ಆಂಟಿ?"

"ಈಗಿನ ಮಟ್ಟಿಗೆ ಓಕೆ ಪುಟ್ಟಿ."

ರವಿಶಂಕರ ಬಗ್ಗಿ, "ಏಳೋ," ಎಂದು ವೇಣುವನ್ನು ಎಬ್ಬಿಸಿ, ಅಕ್ಕಿ ಮೂಟೆಯನ್ನು ಹೆಗಲಿಗೇರಿಸಿಕೊಂಡು ಹೋಗಿ ತಾನು ಮಲಗುವ ಹಾಸಿಗೆಯ ಮೇಲೆ ಇಟ್ಟ. ಸಂಜೆ ಕ್ಯಾಂಪ್‌ಗ್ರೌಂಡಿನಲ್ಲಿ ಇಬ್ಬರೂ ಮೂಗಿಗೆ ಟವೆಲ್ ಕಟ್ಟಿ, ಅಡಿಗೆಮನೆಯ ರಬ್ಬರ್ ಗ್ಲೌಸು ಹಾಕಿಕೊಂಡು ಟ್ಯಾಂಕಿಗೆ ಪೈಪು ಸಿಕ್ಕಿಸಿದರು. ಕೈಲಾಗದ ಕೆಲಸ ಕಾಫಿ ಕುದಿಯುವಷ್ಟರಲ್ಲಿ ಮುಗಿಯಿತು.

ಮರುದಿನ ಮತ್ತೆ ರಸ್ತೆ. ಎರಡೂ ಕಡೆ ಕೆಂಪು ಬಯಲು, ಎದುರಿಗೆ ಒಂದು ಗಾಡಿಯೂ ಇಲ್ಲ. ಶ್ರಾವಣಿ ಅಂತ್ಯಾಕ್ಷರಿ ಶುರು ಮಾಡಿದ್ದಳು. ನೀರಜಾ ಸೀಟಿನಿಂದ ಎದ್ದದ್ದನ್ನು ರವಿ ಕನ್ನಡಿಯಲ್ಲಿ ಕಂಡ. ಬಾತ್‌ರೂಮು ಗಾಡಿಯೊಳಗೇ ಇತ್ತು, ನಿಲ್ಲಿಸುವ ಅಗತ್ಯವಿರಲಿಲ್ಲ. ಆದರೂ ರವಿ ವೇಗ ತಗ್ಗಿಸಿ, ಗಾಡಿಯನ್ನು ಪಕ್ಕಕ್ಕೆ ತಂದು, ಓಲಾಡದಂತೆ ನಿಲ್ಲಿಸಿದ.

ನೀರಜಾ ಒಳಗೆ ಹೋಗಿ ಚಿಲಕ ಹಾಕಿದಳು. ಹೊರಗೆ ಹಾಡು ನಿಂತಿತು. ತೆಳು ಬಾಗಿಲಿನಾಚೆ ಒಂದು ಕೆಮ್ಮೂ ಕೇಳಲಿಲ್ಲ. ಇಷ್ಟು ವರ್ಷ ಇದೊಂದನ್ನು ಅವಳು ಒಬ್ಬಳೇ ಮಾಡಿದ್ದಳು.

ಬಾಗಿಲು ತೆಗೆದಳು. ನಾಲ್ಕೂ ಮುಖ ಇವಳ ಕಡೆಗೇ ತಿರುಗಿದ್ದವು. ವೇಣು ಅರ್ಧ ಎದ್ದು ನಿಂತಿದ್ದ.

"ಏನೂ ಇಲ್ಲ," ಎಂದಳು.

ರವಿಶಂಕರ ಮುಂದಕ್ಕೆ ತಿರುಗಿ, ಆ ಖಾಲಿ ರಸ್ತೆಯಲ್ಲಿ ಉದ್ದಕ್ಕೆ ಒಮ್ಮೆ ಹಾರ್ನ್ ಹೊಡೆದ.