ಮೊದಲ ಬಲೆ ಕಡಲಿಗೆ

ನಾನೊಂದು ಬಲೆ. ಆದರೆ ನನ್ನಿಂದ ಇವತ್ತಿನವರೆಗೆ ಯಾರ ಮನೆಯಲ್ಲೂ ಮೀನುಸಾರು ಕುದಿದಿಲ್ಲ. ಕೊಚ್ಚಿಯ ಒಂದು ಹೊಲಿಗೆ ಕೋಣೆಯಲ್ಲಿ ಸೆರಗಿನಷ್ಟು ನಯವಾದ ನೈಲಾನ್ ಬಟ್ಟೆಯನ್ನು ಕಬ್ಬಿಣದ ಬಳೆಗೆ ಹೊಲಿದು, ಬಾಲಕ್ಕೊಂದು ಡಬ್ಬಿ ಕಟ್ಟಿದರು. ಅಷ್ಟೇ ನಾನು. ಭಟ್ಕಳದಲ್ಲಿ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಇಳಿದಾಗ ಮೀನು ಮಾರುವ ಹೆಂಗಸರು ನನ್ನನ್ನು ಕಂಡು, ಇದರಲ್ಲಿ ಚಹಾ ಸೋಸಬಹುದು ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನನ್ನನ್ನು ತರಿಸಿದವಳು ಕಾರವಾರದ ಸಂಶೋಧಕಿ ಸುಲಭಾ. ಕಡಲ ನಡುವಿನ ಒಂದು ದ್ವೀಪದ ಸುತ್ತ ಹವಳದ ದಿಬ್ಬಗಳಿದ್ದವು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮೀನುಮರಿಗಳು ಅಲ್ಲಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ತಿಳಿಯುವುದು ಅವಳ ಕೆಲಸ. ಮರಿಗಳು ಅಂದರೆ ಮೈ ಪೂರ್ತಿ ಗಾಜು, ಕಣ್ಣು ಮಾತ್ರ ಎರಡು ಕಪ್ಪು ಚುಕ್ಕಿ. ದೋಣಿ ಮಾಸ್ತಿ ಹರಿಕಂತ್ರರದು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

ದಿನಾ ಬೆಳಿಗ್ಗೆ ಮೊದಲು ದ್ವೀಪದ ಗಾಳಿಮರೆಯಲ್ಲಿ ನನ್ನನ್ನು ಎಳೆಯುತ್ತಿದ್ದರು. ಅಲ್ಲಿ ನೀರು ಶಾಂತ. ಸುಲಭಾ ದೋಣಿಯ ಮುಂದುಗಡೆ ಕೂತು ನೀರಿನ ಬಿಸಿ, ಆಳ ಬರೆದುಕೊಳ್ಳುವಳು. ಹಿಂದುಗಡೆ ನನ್ನ ಡಬ್ಬಿ ಬಿಚ್ಚುವ ಕೆಲಸ ಮಾಸ್ತಿಯವರದು. ಆ ಮೊದಲ ಡಬ್ಬಿಯನ್ನು ಅವರು ಹಣೆಗೆ ಮುಟ್ಟಿಸಿ, ತಳದಲ್ಲಿ ಹನಿಯಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಕಡಲಿಗೆ ಸುರಿದು, ಉಳಿದದ್ದಕ್ಕೆ ನೀರು ತುಂಬಿ ಅವಳ ಕೈಗೆ ಕೊಡುತ್ತಿದ್ದರು. ಆಮೇಲೆ ಬೇರೆ ಕಡೆ ಎಳೆದ ಡಬ್ಬಿಗಳು ಮಾತ್ರ ಬಂದ ಹಾಗೇ ಅವಳಿಗೆ ಸಿಗುತ್ತಿದ್ದವು. ನಾನು ಎಲ್ಲ ನೋಡುತ್ತಿದ್ದೆ. ಬಾಯಿ ಇಷ್ಟಗಲ ಇದ್ದರೇನು, ಮಾತು ಬರಬೇಕಲ್ಲ.

ಮೂರು ತಿಂಗಳು ಕಳೆಯಿತು. ಒಂದು ದಿನ ವಾಪಸು ಬರುವಾಗ ಸುಲಭಾ ಬೇಸರದಿಂದ ಹೇಳಿದಳು. ಗಾಳಿಮರೆಯಲ್ಲಿ ಮರಿಗಳು ಇಲ್ಲವೆನ್ನುವಷ್ಟು ಕಡಿಮೆ, ಹಾಗೆಂದೇ ವರದಿ ಬರೆಯುತ್ತಾಳಂತೆ. ಹಾಗಾದರೆ ಪ್ರವಾಸಿ ದೋಣಿಗಳಿಗೆ ಅಲ್ಲೇ ಲಂಗರು ಹಾಕಲು ಸರಕಾರ ಬಿಡುತ್ತದಂತೆ. ಲಂಗರು ಬಿದ್ದರೆ ಹವಳ ಪುಡಿಪುಡಿ.

ಮಾಸ್ತಿ ಇಂಜಿನ್ ನಿಲ್ಲಿಸಿದರು.

"ಮೊದ್ಲ ಬಲೆ ಕಡಲಿಗೆ, ತಂಗಿ. ನಮ್ಮ ಅಪ್ಪನ ಕಾಲದಿಂದ ಹಂಗೇ. ಅಲ್ಲಿ ಮರಿ ರಾಶಿ ಇತ್ತು. ನಾನೇ ಬಿಟ್ಟದ್ದು."

ಮೂರು ತಿಂಗಳ ಲೆಕ್ಕ ನೀರುಪಾಲು. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಕೊಟ್ಟದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ ಎಂದರು ಅವರು. ಸುಲಭಾ ಬರೆದಿಟ್ಟ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಬಯ್ಯಲಿಲ್ಲ. ನಾಳೆಯಿಂದ ಹೊಸದಾಗಿ ಶುರು ಮಾಡೋಣ ಎಂದಳು.

ಮರುದಿನ ದಾರಿಯಲ್ಲೇ, ತೆರೆದ ಕಡಲಿನಲ್ಲಿ ನನ್ನನ್ನು ಒಮ್ಮೆ ಎಳೆದರು. ಬಂದಷ್ಟನ್ನೂ ಮಾಸ್ತಿ ಕಡಲಿಗೆ ಸುರಿದರು. ಈ ಸಲ ಸುಲಭಾ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಗಾಳಿಮರೆ. ಡಬ್ಬಿ ಮೇಲೆ ಬಂದಾಗ ಒಳಗೆ ಗಂಜಿಯಷ್ಟು ಮಂದವಾಗಿ ಮರಿಗಳು, ಸಾವಿರಗಟ್ಟಲೆ ಕಪ್ಪು ಚುಕ್ಕಿಗಳು. ಮತ್ತೆ ಮೂರು ತಿಂಗಳು ಎಳೆದರು, ಎಣಿಸಿದರು. ಅಲ್ಲಿ ಲಂಗರು ಹಾಕಬಾರದು ಎಂದು ಕೊನೆಗೆ ತೀರ್ಮಾನವಾಯಿತು.

ಈಗ ನನ್ನ ಮೈ ಹರಿದಿದೆ. ದಡದ ಮೇಲಿರುವ ಮಾಸ್ತಿಯವರ ಮನೆ ಜಗಲಿಯ ಗೂಟದಲ್ಲಿ ನೇತಾಡುತ್ತಿದ್ದೇನೆ. ನನ್ನ ಒಂದು ತುಂಡನ್ನು ಕತ್ತರಿಸಿಕೊಂಡು ಅವರ ಹೆಂಡತಿ ನಿಜವಾಗಿಯೂ ಚಹಾ ಸೋಸುತ್ತಾರೆ. ಸಿಟ್ಟೇನೂ ಬರುವುದಿಲ್ಲ, ಪರಿಮಳ ಚೆನ್ನಾಗಿರುತ್ತದೆ.

ಮೊನ್ನೆ ಹೊಸ ಬಲೆ ಬಂತು. ಅದನ್ನು ದೋಣಿಗೆ ಏರಿಸುವಾಗ ಸುಲಭಾ ತನ್ನ ವಿದ್ಯಾರ್ಥಿನಿಗೆ ಹೇಳುತ್ತಿದ್ದದ್ದು ಜಗಲಿಯವರೆಗೂ ಕೇಳಿಸಿತು.

"ಮೊದಲನೆಯದನ್ನು ಎಣಿಸಬೇಡ. ಅದು ನಮ್ಮದಲ್ಲ."