ಕೊಪ್ಪರಿಗೆಯ ಆ ಬದಿ

ಬಾಗಿಲಲ್ಲಿ ಮೊದಲು ಕಂಡದ್ದು ಸ್ವೆಟರು. ಅದರೊಳಗಿದ್ದ ಮನುಷ್ಯ ಕಂಡದ್ದು ಆಮೇಲೆ. ಕಡುಗೆಂಪು ಉಣ್ಣೆ, ಮೊಣಕೈಗೇ ನಿಂತ ತೋಳು. ಒಂದೇ ಒಂದು ಕ್ಷಣ, ತನ್ನ ಗಂಡನೇ ಮರಗೆಲಸ ಮುಗಿಸಿ ಊಟಕ್ಕೆ ಬಂದನೇನೋ ಎಂದು ಬಟ್ಟೆ ಅಕ್ಕನಿಗೆ ಅನಿಸಿಬಿಟ್ಟಿತು. ಸತ್ತು ಮಣ್ಣಾದವನು ಎಲ್ಲಿಂದ ಬರಬೇಕು? ಬಂದವನು ಹಾಲಣ್ಣ. ಕೊಟ್ಟಿಗೆ ನೋಡಿಕೊಳ್ಳುವವನು, ಅವಳ ಗಂಡ ತೀರಿಕೊಂಡ ವಾರವಷ್ಟೇ ಬಂದು ಸೇರಿಕೊಂಡವನು. ಕಾಲೊರೆಸಿಕೊಂಡು, ತಟ್ಟೆ ಎತ್ತಿಕೊಂಡು, ಊಟದ ಸಾಲಿನಲ್ಲಿ ನಿಂತ. ಅವಳ ಕೈಯಲ್ಲಿದ್ದ ಚಮಚ ಜಾರಿ ಸೂಪಿನೊಳಗೆ ಬಿತ್ತು.

ಕೂಡುಮನೆ ಎಂದರೆ ಒಂದು ಮನೆಯಲ್ಲ. ಗುಡ್ಡದ ಬುಡದಲ್ಲಿ ಒಂದಷ್ಟು ಸಂಸಾರಗಳು ಬಹಳ ಹಿಂದೆಯೇ ಸೇರಿ ಕಟ್ಟಿಕೊಂಡ ಬದುಕು. ಎಲ್ಲರಿಗೂ ಒಂದೇ ಹೊಲ, ಒಂದೇ ಒಲೆ, ಒಂದೇ ಕೊಟ್ಟಿಗೆ. ಬಟ್ಟೆಯೂ ಹಾಗೆಯೇ. ಒಗೆದದ್ದೆಲ್ಲ ಬಟ್ಟೆ ಕೋಣೆಗೆ ಬಂದು, ಅಳತೆ ನೋಡಿ ಗೂಡು ಸೇರಬೇಕು. ಬೇಕಾದವರು ಬಂದು ಬೇಕಾದ್ದು ತೊಟ್ಟುಕೊಳ್ಳಬೇಕು. ಆ ಕೋಣೆ ಅವಳ ಕೈಯಲ್ಲಿತ್ತು. ಅದಕ್ಕೇ ಅವಳು ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಬಟ್ಟೆ ಅಕ್ಕ.

ಬಾಯಿತಪ್ಪಿಯೂ ಆಡಬಾರದ ಮಾತೊಂದು ಅಲ್ಲಿತ್ತು: 'ನನ್ನದು'. 'ನನ್ನ' ಎಂದರೂ ಅದೇ ಲೆಕ್ಕ. ಯಾರಾದರೂ ಆಡಿದರೋ, ಊಟದ ಮನೆಯಲ್ಲಿದ್ದವರೆಲ್ಲ ಸೇರಿ ತಟ್ಟೆ ಬಡಿಯುವುದು. ಆಡಿದವರು ಎದ್ದುಹೋಗಿ ಸೂಪಿನ ಕೊಪ್ಪರಿಗೆ ತಿಕ್ಕುವುದು. ಆಳು ಇಳಿಯುವಷ್ಟು ದೊಡ್ಡ ಕೊಪ್ಪರಿಗೆ, ತಳದಲ್ಲಿ ಬೆರಳುದಪ್ಪ ಮಸಿ. ಈ ಕಾನೂನು ತಂದವನು ಅವಳ ಗಂಡ ಬಡಗಿಯೇ, ಅದೂ ತಮಾಷೆಗೆ. ಮೊದಲು ಸಿಕ್ಕಿಬಿದ್ದವಳೂ ಅವಳೇ. ಮದುವೆಯಾದ ಹೊಸತು, "ನನ್ನ ಗಂಡನಿಗೆ ಇನ್ನೊಂದು ತುಂಡು ಬ್ರೆಡ್ ಹಾಕಿ" ಎಂದುಬಿಟ್ಟಳು. ಎಲ್ಲರಿಗಿಂತ ಮೊದಲು ತಟ್ಟೆ ಬಡಿದವನು ಆ ಗಂಡನೇ! "ನಾನು ನಿನ್ನೊಬ್ಬಳ ಸ್ವತ್ತೇನೇ?" ಎಂದು ಬೇರೆ ಕೇಳಿದ, ಬಡ್ಡಿಮಗ. ಅವಳು ಮುಖ ಊದಿಸಿಕೊಂಡು ಹಿತ್ತಲಿಗೆ ಹೋಗಿ ಕೊಪ್ಪರಿಗೆಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹೆಜ್ಜೆ ಸಪ್ಪಳ. ತೋಳು ಏರಿಸಿಕೊಂಡು ಬಂದವನು, ಒಳಗಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದ: "ಈ ಬದಿ ನನ್ನದು!" ಒಳಗೆ ಮತ್ತೆ ತಟ್ಟೆಗಳ ಗಲಾಟೆ. ಅಪರಾಧಿಗಳಿಬ್ಬರೂ ಆಚೆ ಈಚೆ ಕೂತು, ನಗುತ್ತ, ತಿಕ್ಕಿ ಮುಗಿಸಿದರು.

ಆ ಮೇಲೆ ಅವಳು ಜನ್ಮದಲ್ಲಿ ಆ ಮಾತಾಡಲಿಲ್ಲ. ಆಡಲಿಲ್ಲ ಸರಿ, ಆದರೆ ಮಾಡದೆ ಬಿಟ್ಟಳೇ? ಕಡುಗೆಂಪು ಸ್ವೆಟರು ಹೆಣೆದವಳು ಅವಳು. ಅವನ ತೋಳೋ ಏಣಿಯಂಥದ್ದು. ಬಿಚ್ಚಿ ಬಿಚ್ಚಿ ಮತ್ತೆ ಹೆಣೆದು ಮಣಿಕಟ್ಟಿನವರೆಗೂ ತಂದಿದ್ದಳು. ಆ ಪುಣ್ಯಾತ್ಮ ತೊಟ್ಟ ಮರುಗಳಿಗೆಯೇ ಅದನ್ನು ಮೊಣಕೈಗೆ ಏರಿಸಿಕೊಳ್ಳುತ್ತಿದ್ದ. ಮೊಣಕೈ ಸವೆದಲ್ಲಿ ಬೂದು ಉಣ್ಣೆಯ ತೇಪೆ ಹಾಕಿದ್ದಳು. ಪ್ರತಿ ಸಲ ಒಗೆದು ಬಂದಾಗಲೂ ಅದು ಗೂಡು ಸೇರದೆ ಅವರ ಕೋಣೆಯ ಮೊಳೆಗೇ ಬಂದು ನೇತಾಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. "ಅದೇನೋ, ಈ ಸ್ವೆಟರಿಗೆ ನನ್ನನ್ನ ಕಂಡರೆ ಪ್ರೀತಿ" ಎನ್ನುತ್ತಿದ್ದ ಬಡಗಿ, ಹೆಂಡತಿಯ ಮುಖ ನೋಡದೆ.

ಅವನು ತೀರಿಕೊಂಡ ವಾರ ಅವಳು ಸ್ವೆಟರನ್ನು ಮಡಚಿ ತಲೆದಿಂಬಿನ ಗವಸಿನೊಳಗೆ ತುರುಕಿಟ್ಟಳು. ಉಳಿದ ಹೆಂಗಸರು ಅವಳನ್ನು ಕೈ ಹಿಡಿದು ಕೂರಿಸಿದ್ದರು. ಅವಳ ಪಾಳಿಯನ್ನೆಲ್ಲ ತಾವೇ ಮಾಡಿದರು, ಕೋಣೆ ಗುಡಿಸಿದರು, ಗವಸು ಹೊದಿಕೆಗಳನ್ನು ಹೊತ್ತುಕೊಂಡು ಹೋಗಿ ಒಗೆದು ಹಾಕಿದರು. ಗವಸಿನಲ್ಲಿ ಸಿಕ್ಕ ಸ್ವೆಟರು ಎಲ್ಲೋ ಸೇರಿಕೊಂಡದ್ದಿರಬೇಕು ಎಂದುಕೊಂಡು ಅದನ್ನೂ ಒಗೆದು ಗೂಡಿನಲ್ಲಿಟ್ಟರು. ಅವರ ತಪ್ಪೇನು? ಬಟ್ಟೆ ಬಚ್ಚಿಡುವವರು ಆ ಜಾಗದಲ್ಲಿ ಯಾರಿದ್ದರು! ಅವಳು ಎದ್ದು ಓಡಾಡುವ ಹೊತ್ತಿಗೆ ಗೂಡು ಖಾಲಿ. ಯಾರು ಒಯ್ದರು ಎಂದು ಕೇಳಲು ನಾಲಿಗೆ ಏಳಲಿಲ್ಲ. ಕೇಳಿದರೆ ಅದು ನನ್ನದು ಎಂದ ಹಾಗೇ ತಾನೇ? ಬರುವವರ ಹೋಗುವವರ ಮೈ ನೋಡುತ್ತ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ದಿನ ತಳ್ಳಿದ್ದಳು. ಅವಳಿಗೆ ಬೇರೇನೂ ಬೇಕಿರಲಿಲ್ಲ. ಅದೊಂದು ಬೇಕಿತ್ತು.

ಹಾಲಣ್ಣ ಬ್ರೆಡ್ ಹಾಕಿಸಿಕೊಂಡು ನೇರ ಅವಳ ಎದುರಿಗೇ ಬಂದು ಕೂತ. "ಅಕ್ಕಾ, ನೀವೇ ಹೇಳಬೇಕು, ಹೇಗಿದೆ ಹೊಲಿಗೆ?" ಎಂದು ತೋಳು ಮುಂದೆ ಚಾಚಿದ. "ಇಷ್ಟು ದಿನ ಕೊಟ್ಟಿಗೇಲಷ್ಟೇ ಹಾಕ್ತಿದ್ದೆ. ತೋಳು ಸಿಕ್ಕಾಪಟ್ಟೆ ಉದ್ದ ಇತ್ತು. ಹಾಲು ಕರೆಯೋವಾಗ ಒದ್ದೆ ಆಗೋದು. ಅದಕ್ಕೇ ಕತ್ತರಿಸಿ ನಾನೇ ಅಂಚು ಹೊಲಿದೆ."

ಏರಿಸಿದ ತೋಳಲ್ಲ, ಕತ್ತರಿಸಿದ ತೋಳು. ತೇಪೆ ಇದ್ದ ಜಾಗದಲ್ಲಿ ಬಿಳಿ ದಾರದ ದಪ್ಪ ಹೊಲಿಗೆ.

ಬಡಿಸುತ್ತಿದ್ದ ಸೌಟಕ್ಕ ಅತ್ತ ತಿರುಗಿ ನೋಡಿದವಳೇ, "ಅಯ್ಯೋ ದೇವರೇ" ಎಂದು ಕೈ ಬಾಯಿಗೆ ತಂದಳು. ಅಡುಗೆಮನೆ ನಡೆಸುವವಳು, ಬಡಗಿಗೆ ಅಷ್ಟು ವರ್ಷ ಬಡಿಸಿದವಳಿಗೆ ಸ್ವೆಟರಿನ ಗುರುತು ಸಿಗದಿರುತ್ತದೆಯೇ?

"ಅದು ನನ್ನದು," ಎಂದಳು ಬಟ್ಟೆ ಅಕ್ಕ.

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು. ಆದರೆ ಧ್ವನಿ ಒಡೆದು ಊಟದ ಮನೆಯ ಆ ಮೂಲೆಯವರೆಗೂ ಕೇಳಿತು. "ನನ್ನದು ಅದು. ನನ್ನ ಗಂಡಂದು."

ದೊಡ್ಡವರು ಯಾರೂ ತಟ್ಟೆ ಮುಟ್ಟಲಿಲ್ಲ. ಮಕ್ಕಳಿಗೇನು ಗೊತ್ತು? ಎಷ್ಟೋ ದಿನದ ಮೇಲೆ ಒಳ್ಳೆಯ ಬೇಟೆ ಸಿಕ್ಕಿತ್ತು. ಮೂಲೆಯ ಬೆಂಚಿನಿಂದ ಒಂದು ತಟ್ಟೆ ಟಣ್ ಎಂದಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಬೆಂಚೇ ಕೇಕೆ ಹಾಕಿ ಬಡಿಯತೊಡಗಿತು. "ಥೂ, ಸುಮ್ನಿರ್ರೋ!" ಎಂದು ಸೌಟಕ್ಕ ಸೌಟೆತ್ತಿಕೊಂಡು ಓಡಿದಳು.

"ಬಡೀಲಿ ಬಿಡೇ," ಎಂದಳು ಬಟ್ಟೆ ಅಕ್ಕ ಏಳುತ್ತ. "ಅವನಿದ್ದಿದ್ರೆ ಅವನೂ ಬಡೀತಿದ್ದ."

"ಬೇಡ ಕಣೇ, ನಾನು ತಿಕ್ತೀನಿ. ನಿನ್ನ ಕೈಲಾಗಲ್ಲ."

"ಕಾನೂನು ಕಾನೂನೇ."

ಹಿತ್ತಲಲ್ಲಿ ಕೊಪ್ಪರಿಗೆ ಬೋರಲು ಬಿದ್ದಿತ್ತು. ಅವಳು ಮಣೆ ಎಳೆದುಕೊಂಡು ಕೂತು, ತಿಕ್ಕುವ ನಾರಿಗೆ ಬೂದಿ ಮುಟ್ಟಿಸಿ ಕೈಗೆತ್ತಿಕೊಂಡಳು. ಹಿಂದೆಯೇ ಹೆಜ್ಜೆ ಸಪ್ಪಳವಾಯಿತು. ಹಾಳಾದ ಜೀವ, ಆಗಲೂ ಕತ್ತು ತಿರುಗಿಸಿ ನೋಡಿತು. ಬರೀ ಅಂಗಿಯಲ್ಲಿದ್ದ ಹಾಲಣ್ಣ. ಮಡಚಿದ ಸ್ವೆಟರನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಗೊತ್ತಿರಲಿಲ್ಲ ಅಕ್ಕ. ನಿಮ್ಮಾಣೆ ಗೊತ್ತಿರಲಿಲ್ಲ."

"ಗೊತ್ತಪ್ಪ. ನಿನ್ನ ಮೇಲೆ ಸಿಟ್ಟಿಲ್ಲ." ಅವಳು ಕೈ ಒರೆಸಿಕೊಂಡು ಅದನ್ನು ಮಡಿಲಿಗೆ ತೆಗೆದುಕೊಂಡಳು. ಸೋಪು, ಹಾಲು, ಹಸುವಿನ ವಾಸನೆ. "ಕತ್ತರಿಸಿದ್ಯಲ್ಲ, ಆ ತೋಳೆಲ್ಲಿ? ಕೊಡು, ನಾನು ಮತ್ತೆ ಕೂಡಿಸ್ಕೋತೀನಿ."

ಹಾಲಣ್ಣ ನೆಲ ನೋಡಿದ. "ಕರು ಹುಟ್ಟಿತ್ತಲ್ಲ ಅಕ್ಕ, ದಿನ ತುಂಬೋ ಮೊದಲೇ. ಗಡಗಡ ನಡುಗ್ತಿತ್ತು. ಬೆಚ್ಚಗಿರಲಿ ಅಂತ ಮುಂಗಾಲಿಗೆ ಹಾಕಿದ್ದೆ. ಉಳೀಲಿಲ್ಲ. ಬಿಚ್ಚೋಕೆ ಮನಸ್ಸಾಗಲಿಲ್ಲ. ಹಾಗೇ ಹೂತುಬಿಟ್ಟೆ."

ಅವಳಿಗೆ ನಗು ಬಂದ ಹಾಗಾಯಿತು; ಬಂದದ್ದು ನಗುವಲ್ಲ. ತೋಳು ಕತ್ತರಿಸಿದ ಸ್ವೆಟರಿನಲ್ಲಿ ಮುಖ ಹುದುಗಿಸಿ, ಗಂಡ ಸತ್ತ ದಿನವೂ ಅಳದಷ್ಟು ಅತ್ತಳು. ಹಾಲಣ್ಣ ಕೈಕಟ್ಟಿ ನಿಂತಿದ್ದ. ಕೊನೆಗೆ, "ಅಕ್ಕಾ, ಆಚೆ ಕಡೆ ನಾನು ತಿಕ್ಕಲಾ?" ಎಂದ.

"ಬೇಡ," ಎಂದಳು. "ಹೋಗು, ಊಟ ಆರುತ್ತೆ."

ಅವನು ಹೋದ ಮೇಲೆ ಅವಳು ಸ್ವೆಟರನ್ನು ಸೀರೆಯ ಮೇಲೆಯೇ ತೊಟ್ಟುಕೊಂಡಳು. ತೋಳು ಏರಿಸಿಕೊಳ್ಳಲು ಕೈ ತಾನಾಗಿ ಹೋಯಿತು. ಏರಿಸಲು ಏನೂ ಇರಲಿಲ್ಲ. ಮತ್ತೆ ಕೂತು ತಿಕ್ಕಿದಳು. ಮಸಿ ಬಿಟ್ಟು ತಾಮ್ರ ಕಾಣಿಸಿತು, ಆಮೇಲೆ ಹೊಳೆಯಿತು. ಅಂಚಿನಿಂದ ಹಿಡಿದು ನಡುಮಧ್ಯದವರೆಗೆ ತನ್ನ ಅರ್ಧ ಮುಗಿಸಿ, ಅಲ್ಲಿಗೆ ಕೈ ನಿಲ್ಲಿಸಿದಳು. ಒಳಗೆ ಊಟ ಮುಗಿದು ಬೆಂಚು ಎಳೆಯುವ ಸದ್ದಾಯಿತು. ಕೊಪ್ಪರಿಗೆಯ ಆ ಬದಿ ಕಪ್ಪಗೆ ಹಾಗೇ ಇತ್ತು. ಅದರಾಚೆ ಇನ್ನೊಂದು ಮಣೆ ಖಾಲಿ ಬಿದ್ದಿತ್ತು. ಅವಳು ನಾರು ಹಿಡಿದುಕೊಂಡು ಕೂತೇ ಇದ್ದಳು.