ಗಂಡನ ಸಹಿಯ ಜಾಗ

"ಕಾಲು ಅಗಲ ಮಾಡೋವಾಗ ಇಲ್ಲದ ನಾಚಿಕೆ ಈಗ್ಯಾಕೆ? ತೆಗಿ ಕೈಯನ್ನ!"

ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ನನ್ನ ತಂಗಿಯ ತೊಡೆಗೆ ಪಟ್ಟನೆ ಬಾರಿಸಿ ಹೊಲಿಗೆ ನೋಡಿದಳು. ತಂಗಿ ಹೆತ್ತು ಎರಡು ದಿನವಾಗಿತ್ತು. ಐದನೆಯದು.

"ಐದು! ಹೆಂಗಸಾ ನೀನು, ಮಿಷನ್ನಾ? ಸಾಕು ಅನ್ನೋ ಬುದ್ಧಿ ಬೇಡ್ವಾ?"

"ಸಾಕು ಸಿಸ್ಟರ್," ಅಂದಳು ತಂಗಿ. "ಇನ್ನು ಮಕ್ಕಳಾಗ್ದಂಗೆ ಆಪರೇಷನ್ ಮಾಡ್ಬಿಡಿ."

ಸಿಸ್ಟರ್ ಒಂದು ಫಾರಂ ತೆಗೆದು ಅವಳ ಹೊಟ್ಟೆಯ ಮೇಲೇ ಎಸೆದಳು. "ಕೆಳಗೆ ಗಂಡನ ಸೈನ್ ಬೇಕು. ನೀನ್ ಹೇಳ್ದೆ ಅಂತ ಕುಯ್ಯೋಕಾಗುತ್ತಾ?"

ನಾನು ಕೊಳೆ ಬಟ್ಟೆಯ ಗಂಟು ಹೊತ್ತು ಪಕ್ಕದಲ್ಲೇ ನಿಂತಿದ್ದೆ. ನಾನು ಯಾರು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಲಿಗೆ ತುರಿಸುತ್ತದೆ. ಈ ಆಸ್ಪತ್ರೆ ನಡೆಯುತ್ತಿರುವುದೇ ನನ್ನಿಂದ. ಹದಿನೇಳು ವರ್ಷದಿಂದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದೇನೆ. ನಾನು ಒಗೆದ ಬೆಡ್‌ಶೀಟುಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಚಂದ್ರನಿಗೆ ಎರಡು ಸುತ್ತು ಬಂದು, ಮಿಕ್ಕಿದ್ದರಲ್ಲಿ ದೊಡ್ಡ ಡಾಕ್ಟರಿಗೊಂದು ಚಡ್ಡಿ ಹೊಲಿಯಬಹುದು; ಅದೂ ಅವರ ಅಳತೆಯ ಚಡ್ಡಿ. ಯಾವ ಮಂಚದಲ್ಲಿ ಯಾರಿಗೆ ಏನಾಯಿತು ಅಂತ ಕಲೆ ನೋಡಿಯೇ ಹೇಳುತ್ತೇನೆ, ಡಾಕ್ಟರುಗಳು ಆಮೇಲೆ ಹೇಳುತ್ತಾರೆ.

ತಂಗಿಯ ಮಂಚದಿಂದ ಏಳು ಶೀಟು ಬಂದಿದ್ದವು. ಏಳೇ ಅನ್ನುತ್ತಿದ್ದೇನೆ ನೋಡಿ, ಎಪ್ಪತ್ತು ಅನ್ನುತ್ತಿಲ್ಲ. ಏಳನ್ನೂ ತಣ್ಣೀರಲ್ಲಿ ನೆನೆಸಿದೆ. ರಕ್ತಕ್ಕೆ ಬಿಸಿನೀರು ತಗಲಿದರೆ ಕಲೆ ಕಚ್ಚಿಕೊಂಡುಬಿಡುತ್ತದೆ. ತೊಟ್ಟಿಯ ನೀರು ಮೂರು ಸಲ ಬದಲಾಯಿಸಿದರೂ ಕೆಂಪು ಹೋಗಲಿಲ್ಲ.

ರೌಂಡ್ಸಿಗೆ ಬಂದ ಚಿಕ್ಕ ಡಾಕ್ಟರಮ್ಮ ನನ್ನನ್ನು ಮೂಲೆಗೆ ಕರೆದು ಮೆತ್ತಗೆ ಹೇಳಿದ್ದಳು: "ಗರ್ಭಕೋಶ ತುಂಬ ತೆಳ್ಳಗಾಗಿದೆ. ಇನ್ನೊಂದು ಬಸಿರು ಅಂದ್ರೆ ನಿಮ್ ತಂಗಿ ಉಳಿಯಲ್ಲ."

"ಹಾಗಾದ್ರೆ ಕಟ್ಬಿಡಿ ತಾಯಿ."

"ಗಂಡ ಒಪ್ಬೇಕಲ್ಲಮ್ಮ," ಅಂದು ಆಕೆ ತನ್ನ ಚಪ್ಪಲಿ ನೋಡಿಕೊಂಡಳು.

ಗಂಡ ಗಾರೆ ಕೆಲಸದವನು. ಸಾಯಂಕಾಲ ನೋಡಲು ಬಿಡುವ ಹೊತ್ತಿಗೆ ಬಂದ, ಮೊಣಕೈತನಕ ಸಿಮೆಂಟು. ನಾನು ಅವನನ್ನು ಗೇಟಿನಲ್ಲೇ ಹಿಡಿದೆ.

"ಒಂದು ಸೈನ್ ಹಾಕಪ್ಪ. ಇನ್ನೊಂದು ಹೆತ್ರೆ ಸತ್ತೋಗ್ತಾಳೆ."

"ಎಲ್ಲಾ ಹೆಂಗಸ್ರೂ ಹೆರ್ತಾರೆ ಅತ್ತಿಗೆ. ನಮ್ಮಮ್ಮ ಒಂಬತ್ತು ಹೆತ್ಲು."

"ಆಮೇಲೆ ನಿಮ್ಮಮ್ಮ ಸತ್ತಿದ್ದು ಹೇಗೆ?"

"ಹೆರಿಗೇಲಿ," ಅಂದ. ಅಂದು, ಆ ಮಾತು ಬೇರೆ ಯಾರೋ ಆಡಿದ್ದು ಅನ್ನುವಂತೆ ಸಿಗರೇಟು ಹಚ್ಚಿದ.

"ಮೂರು ಗಂಡು, ಎರಡು ಹೆಣ್ಣು. ಇನ್ನೇನ್ ಬೇಕೋ ನಿನಗೆ, ಸೈನ್ಯ ಕಟ್ತೀಯಾ?"

"ಮಕ್ಕಳ ಮಾತಲ್ಲ." ಅವನು ದನಿ ತಗ್ಗಿಸಿದ. "ನಾನ್ ಕೆಲಸ ಅಂತ ತಿಂಗಳುಗಟ್ಲೆ ಹೊರಗಿರ್ತೀನಿ. ಬಸಿರಾಗೋ ಭಯಾನೂ ಹೋಯ್ತು ಅಂದ್ರೆ ಇವಳನ್ನ ಕಾಯೋರ್ಯಾರು?"

ಅವನ ಮುಖಕ್ಕೆ ಉಗಿಯಬೇಕಿತ್ತು. ಉಗಿದೆ ಅಂತ ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಉಗಿಯಲಿಲ್ಲ. ಅವನ ಕಾಲು ಹಿಡಿದೆ. ಅವನು ಕಾಲು ಬಿಡಿಸಿಕೊಂಡು ಮನೆಗೆ ಹೋದ. ಮುಂಚೆ ಒಮ್ಮೆ ಅವಳಿಗೆ ಬಸಿರಾಗದ ಮಾತ್ರೆ ತಂದುಕೊಟ್ಟಿದ್ದೆ. ಅಕ್ಕಿ ಡಬ್ಬಿಯಿಂದ ಅವನು ಅದನ್ನು ಹುಡುಕಿ ತೆಗೆದು ಚರಂಡಿಗೆ ಚೆಲ್ಲಿ, ಡಬ್ಬಿಯಲ್ಲೇ ಅವಳಿಗೆ ಹೊಡೆದಿದ್ದ.

"ಹೆದರಬೇಡ, ನಾನಿದ್ದೀನಿ," ಅಂದೆ ತಂಗಿಗೆ.

"ನೀನಿದ್ದೀಯ ಅನ್ನೋದೇ ಹೆದರಿಕೆ ಅಕ್ಕ," ಅಂದು ನಕ್ಕಳು. ನಕ್ಕರೆ ಹೊಲಿಗೆ ನೋಯುತ್ತಿತ್ತು, ಆದರೂ ನಕ್ಕಳು.

ನಮ್ಮ ನೆಲಮಾಳಿಗೆಯಲ್ಲಿ ಬಾಯ್ಲರ್ ಅಂತ ಒಬ್ಬನಿದ್ದ. ಬಾಯ್ಲರ್ ನೋಡಿಕೊಳ್ಳುತ್ತಿದ್ದ, ಅದಕ್ಕೇ ಆ ಹೆಸರು. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಸೈನ್ ಹಾಕುತ್ತೀಯಾ ಅಂತ ನಾನು ಪೂರ್ತಿ ಕೇಳುವ ಮೊದಲೇ "ಎಲ್ಲಿ ಹಾಕ್ಬೇಕಕ್ಕ?" ಅಂದ. ಗುರುತು ಹಿಡಿದಾರು ಅನ್ನುವ ಭಯವಿರಲಿಲ್ಲ. ಮೇಲಿನ ಮಹಡಿಯವರು ನಮ್ಮ ಮುಖ ನೋಡಿದವರಲ್ಲ. ಅವರ ಪಾಲಿಗೆ ನಾವು ಬಟ್ಟೆ ಗಂಟಿನ ಅಡಿ ನಡೆಯುವ ಕಾಲುಗಳು.

ತಂಗಿಯನ್ನು ಸೇರಿಸಿದ ದಿನದ ಚೀಟಿಯಲ್ಲಿ ಗಂಡನ ಸೈನ್ ಇತ್ತು. ಅದನ್ನು ಮುಂದಿಟ್ಟುಕೊಂಡು, ಹಬೆ ಕಟ್ಟಿದ ಕಿಟಕಿ ಗಾಜಿನ ಮೇಲೆ ಬಾಯ್ಲರ್ ಬೆರಳಲ್ಲಿ ಬರೆದು ಬರೆದು ಕಲಿತ. ಬರೆಯುವುದು, ಅಳಿಸುವುದು, ಹಬೆ ಬಿಡುವುದು. ನಾಲ್ಕು ಸಾವಿರ ಸಲ ಬರೆಸಿದೆ. ಸರಿ, ನಲವತ್ತು ಸಲ. ಕೊನೆಕೊನೆಗೆ ಆ ಗಂಡನೇ ಬಂದು ನೋಡಿದ್ದರೂ ತನ್ನದೇ ಅಂದುಕೊಳ್ಳುತ್ತಿದ್ದ.

ಅಂಗಿ ಬದಲಾಯಿಸಿ, ತಲೆ ಬಾಚಿ ಮೇಲೆ ಕಳಿಸಿದೆ. ನಾನು ಮೆಟ್ಟಿಲ ಬಳಿ ಕಾದೆ. ಎರಡೇ ನಿಮಿಷಕ್ಕೆ ಕುಣಿಯುತ್ತ ಬಂದ.

"ಆಯ್ತಕ್ಕ! ಒಂದೇ ಏಟಿಗೆ ಹಾಕ್ಬಿಟ್ಟೆ!"

"ಕೈ ನಡುಗಲಿಲ್ವೇನೋ?"

"ನಡುಗೋಕೆ ಟೈಮ್ ಎಲ್ಲಿ? ಸಿಸ್ಟರ್ ಪೆನ್ನಲ್ಲಿ ಮೇಜು ಟಕಟಕ ಕುಟ್ಟಿ 'ಬೇಗ, ಬೇಗ' ಅಂದ್ರು. ಕೈ ತಾನೇ ಓಡ್ತು."

ಸಿಸ್ಟರ್ ಫಾರಂ ನೋಡದೆ ಫೈಲಿಗೆ ಸೇರಿಸಿದಳಂತೆ. ಆ ದಿನ ನೆಲಮಾಳಿಗೆಯಲ್ಲಿ ನಾನು ಕೊಚ್ಚಿಕೊಂಡ ಜಂಬಕ್ಕೆ ಬಾಯ್ಲರೇ ತಣ್ಣಗಾಗಿರಬೇಕು. ಸರಕಾರವನ್ನೂ ಬೀಳಿಸುತ್ತೇನೆ, ಬೇಕಾದರೆ ಹೇಳಿ, ಅಂದೆ.

ಮರುದಿನ ಬೆಳಿಗ್ಗೆ ತಂಗಿಯನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಿದರು. ನಾನು ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ಬಾಗಿಲಿಗೇ ಬಂದು ನಿಂತೆ. ಅವಳು ತಲೆ ತಿರುಗಿಸಿ ನನ್ನ ಕಡೆ ಕಣ್ಣು ಮಿಟುಕಿಸಿದಳು. ದೊಡ್ಡ ಡಾಕ್ಟರು ಕೈ ತೊಳೆಯುವ ಮುಂಚೆ ಫೈಲು ತೆಗೆದರು. ಜೋರಾಗಿ ಓದಿದರು. ಗಂಡನ ಸಹಿಯ ಜಾಗದಲ್ಲಿ ಬಾಯ್ಲರಿನ ಸ್ವಂತ ಹೆಸರು. ಅದರ ಕೆಳಗೆ: ಬಾಯ್ಲರ್ ವಿಭಾಗ, ಬೆಳಿಗ್ಗೆ ಆರು ಗಂಟೆ, ಹಾಜರ್.

ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಹಾಜರಿ ಪುಸ್ತಕದವನು ಪೆನ್ನು ಕುಟ್ಟಿ ಅವಸರ ಮಾಡಿದಾಗ ಅವನು ಹಾಕುತ್ತ ಬಂದ ಸೈನು. ಕೈ ತಾನೇ ಓಡಿತ್ತು.

"ಏನಮ್ಮ, ನಿನ್ ಗಂಡ ಬಾಯ್ಲರ್‌ನಲ್ಲಿ ಹಾಜರಿದ್ದಾನಾ?" ಅಂದರು ಡಾಕ್ಟರು. ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಏನೆಂದು ತಿಳಿಯುವ ಮೊದಲು ನಾನೂ ನಕ್ಕುಬಿಟ್ಟಿದ್ದೆ.

ಗಂಡನಿಗೆ ಫೋನು ಹೋಯಿತು. ಅವನು ಬರುವತನಕ ತಂಗಿ ಮೇಜಿನ ಮೇಲೇ ಇದ್ದಳು. ಬಾಯ್ಲರನ್ನು ಕೊರಳಪಟ್ಟಿ ಹಿಡಿದು ಮೇಲೆ ತಂದರು. ಗಂಡ ಬಂದವನೇ ಫಾರಂ ನೋಡಿ, ಬಾಯ್ಲರಿನ ಮುಖ ನೋಡಿ, ಕೆನ್ನೆಗೆ ಬಿಟ್ಟ.

"ನನ್ ಹೆಂಡ್ತಿಗೆ ಗಂಡ ಅಂತ ಸೈನ್ ಹಾಕೋಕೆ ನೀನ್ಯಾವನೋ ಬೋಳಿಮಗನೆ? ಎಷ್ಟ್ ದಿನದಿಂದ ನಡೀತಿದೆ ಇದು?"

"ಅವಳ ಮುಖಾನೂ ನೋಡಿಲ್ಲ ಅಣ್ಣ," ಅಂದ ಬಾಯ್ಲರ್.

"ನಾನ್ ಮಾಡಿಸಿದ್ದು!" ಅಂತ ನಾನು ನಡುವೆ ಹಾರಿದೆ. "ನಾನೇ ಕಲಿಸ್ದೆ, ನಾನೇ ಕಳಿಸ್ದೆ. ಅವಳಿಗೂ ಇವನಿಗೂ ಏನೂ ಇಲ್ಲ."

"ನಿಮ್ ಬಾಯಲ್ಲಿ ಯಾವತ್ತಾದ್ರೂ ಒಂದ್ ನಿಜ ಬಂದಿದ್ಯಾ ಅತ್ತಿಗೆ?" ಅಂದ ಅವನು. ಚಿಕ್ಕ ಡಾಕ್ಟರಮ್ಮ ಗೋಡೆಯ ಕಡೆ ತಿರುಗಿ ಕೈಗವಸು ಹಾಕಿಕೊಳ್ಳುತ್ತಲೇ ಇದ್ದಳು.

ಅವನು ಒಳಗೆ ನುಗ್ಗಿ ತಂಗಿಯ ಜುಟ್ಟಿಗೆ ಕೈ ಹಾಕಿದ. "ಸೂಳೆ, ಇದಕ್ಕೇ ಏನೇ ನಿನಗೆ ಆಪರೇಷನ್ನು?"

ದೊಡ್ಡ ಡಾಕ್ಟರು ಅವನ ಭುಜ ತಟ್ಟಿದರು. "ಇಲ್ಲಿ ಬೇಡಪ್ಪ. ಇದು ಆಸ್ಪತ್ರೆ. ಮನೆಗೆ ಕರ್ಕೊಂಡು ಹೋಗಿ ಮಾತಾಡ್ಕೊ."

ತಂಗಿ ಎರಡೂ ಕೈಯಲ್ಲಿ ಮೇಜಿನ ಅಂಚಿನ ಕಂಬಿ ಹಿಡಿದುಕೊಂಡಳು.

"ನನ್ ಸೈನ್ ತಗೊಳ್ಳಿ ಡಾಕ್ಟ್ರೇ. ನನಗೂ ಬರೆಯೋಕ್ ಬರುತ್ತೆ. ಎಷ್ಟ್ ಸಲ ಬೇಕಾದ್ರೂ ಹಾಕ್ತೀನಿ."

"ಇಳಿಯಮ್ಮ."

"ಸಾಯೋಳು ನಾನು. ಸೈನ್ ಅವನದಾ?"

"ಟೇಬಲ್ ಖಾಲಿ ಮಾಡ್ಸಿ ಸಿಸ್ಟರ್, ಇನ್ನೂ ಆರು ಕೇಸಿದೆ."

"ಇಳಿಯಲ್ಲ. ಕುಯ್ದೇ ಇಳಿಸಿ."

ಸಿಸ್ಟರ್ ಎಳೆದಳು, ಆಯಾ ಎಳೆದಳು. ಕಂಬಿಯ ಜೊತೆ ಮೇಜೇ ಅಲುಗಾಡಿತು. ಹೊಲಿಗೆ ಬಿಟ್ಟುಕೊಂಡು ಹಸಿರು ಬಟ್ಟೆಯ ಮೇಲೆ ಕಲೆ ಅಗಲವಾಗುತ್ತ ಬಂತು. ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದ್ದು.

"ನಿನ್ ತಂಗಿ ಅಲ್ವಾ? ಬಾಯ್ಲರ್‌ನವನ ಕೆಲಸ ಹೋಯ್ತು. ನಿನಗೆ ನಾಳೆಯಿಂದ ಕೆಲಸ ಬೇಕಾ, ಬೇಡ್ವಾ?"

"ಬೇಕು," ಅಂದೆ.

ಮೂರು ಜನ ಸೇರಿ ಅವಳ ಕೈ ಬಿಡಿಸಿದರು ಅಂತ ವಾರ್ಡಿನಲ್ಲಿ ಈಗಲೂ ಹೇಳಿಕೊಳ್ಳುತ್ತಾರೆ. ಮೂರು ಜನ ಇರಲಿಲ್ಲ. ನಾನೊಬ್ಬಳೇ. ಬಲಗೈಯ ಹೆಬ್ಬೆರಳಿಂದ ಶುರು ಮಾಡಿದೆ. ಅವಳು ಒದೆಯಲಿಲ್ಲ, ಕಚ್ಚಲಿಲ್ಲ. ಬೇರೆಯವರು ಮುಟ್ಟಿದಾಗ ಕಿರುಚಿದವಳು ನಾನು ಮುಟ್ಟಿದ ಮೇಲೆ ಸುಮ್ಮನಾದಳು. ಒಂದೊಂದು ಬೆರಳು ಬಿಡಿಸಿದಾಗಲೂ ಅದು ಮತ್ತೆ ಹೋಗಿ ಕಂಬಿಗೆ ಸುತ್ತಿಕೊಳ್ಳುತ್ತಿತ್ತು. ಬಿಡಿಸಿದ್ದನ್ನು ನನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ಮುಂದಿನದಕ್ಕೆ ಹೋಗಬೇಕಾಯಿತು. ಬಾಗಿಲಲ್ಲಿ ಗಂಡ ಅವಳ ಚಪ್ಪಲಿ ಹಿಡಿದು ನಿಂತಿದ್ದ.

ಕೊನೆಗೆ ಎಡಗೈಯ ಕಿರುಬೆರಳು ಉಳಿಯಿತು. ಅದು ಬರಲಿಲ್ಲ. ಹಿಂದಕ್ಕೆ ಬಗ್ಗಿಸಿದೆ.

"ನಿಧಾನ ಅಕ್ಕ," ಅಂದಳು. "ನೋಯುತ್ತೆ."